ಕಬ್ಬಿನ ಟ್ರೇಲರ್ ಎಳೆಯುವ ಹಳೆಯ ಟ್ರ್ಯಾಕ್ಟರಿಗೆ ಬೇರೆ ಎಂಜಿನ್ ಹಾಕಿಸಬೇಕೇ?

ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ತೊಡಗುವ ಮುನ್ನ ಬೆಳಗಾವಿ, ಬಾಗಲಕೋಟೆ ಕಡೆಯ ಗ್ಯಾರೇಜುಗಳಲ್ಲಿ ಬಿಚ್ಚಿ ನಿಲ್ಲಿಸಿದ ಟ್ರ್ಯಾಕ್ಟರುಗಳನ್ನು ಕಾಣಬಹುದು. ಹತ್ತು ಹದಿನೈದು ಹಂಗಾಮು ದುಡಿದ ಗಾಡಿ ಏರಿನಲ್ಲಿ ಹೊಗೆಯುಗುಳಿ ಏದುಸಿರು ಬಿಟ್ಟಾಗ "ಎಂಜಿನ್ನೇ ಬದಲಿಸಿಬಿಡಿ" ಎನ್ನುವವರು ಸಿಕ್ಕೇ ಸಿಗುತ್ತಾರೆ. ಹೊಗೆಯೊಂದನ್ನೇ ನೋಡಿ ಆ ಮಾತಿಗೆ ಒಪ್ಪಬಾರದು.

ಭಾರ ಎಳೆಯುವಾಗ ಕಪ್ಪು ಹೊಗೆ ಬಂದರೆ ಮೊದಲು ಏರ್ ಕ್ಲೀನರನ್ನು ತೊಳೆಸಿ, ನಾಜಲ್ ಮತ್ತು ಡೀಸೆಲ್ ಪಂಪನ್ನು ಪರೀಕ್ಷೆ ಮಾಡಿಸಬೇಕು. ಹೊಗೆ ನೀಲಿಯಾಗಿದ್ದು ಎಂಜಿನ್ ಆಯಿಲ್ ಬೇಗ ಬೇಗ ಕಡಿಮೆಯಾಗುತ್ತಿದ್ದರೆ ಮಾತ್ರ ಪಿಸ್ಟನ್, ರಿಂಗ್‌ಗಳ ಮೇಲೆ ಅನುಮಾನ ಪಡಬೇಕು. ಇದನ್ನು ಮನೆಯಂಗಳದಲ್ಲೇ ನೋಡಬಹುದು: ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸ್ಲೋದಲ್ಲಿ ಬಿಟ್ಟು, ಆಯಿಲ್ ಹಾಕುವ ಮುಚ್ಚಳವನ್ನು ತೆಗೆದು ಅದೇ ಬಾಯಿಯ ಮೇಲೆ ತಲೆಕೆಳಗಾಗಿ ಇಡಿ. ಮುಚ್ಚಳ ತುಸು ನಡುಗಿದರೆ ಚಿಂತೆಯಿಲ್ಲ. ಪುಕ್ ಪುಕ್ ಎಂದು ಹೊಗೆ ಚಿಮ್ಮಿ ಮುಚ್ಚಳ ಹಾರಿಬಿದ್ದರೆ ಎಂಜಿನ್ ಕೆಲಸಕ್ಕೆ ಬಂದಿದೆ, ಅಂದರೆ ಬಿಚ್ಚಿ ರಿಪೇರಿ ಮಾಡಿಸಬೇಕಾಗಿದೆ ಎಂದೇ ತಿಳಿಯಬೇಕು.

ಕೆಲಸಕ್ಕೆ ಬಂದ ಮಾತ್ರಕ್ಕೆ ಅದನ್ನು ಎಸೆಯಬೇಕಿಲ್ಲ. ನಮ್ಮಲ್ಲಿ ಓಡುವ ಅನೇಕ ಟ್ರ್ಯಾಕ್ಟರುಗಳಲ್ಲಿ ಲೈನರನ್ನು (ಪಿಸ್ಟನ್ ಆಡುವ ಕೊಳವೆ) ಎಂಜಿನ್ನಿನ ಒಡಲಾದ ಬ್ಲಾಕಿನಿಂದ ಕಿತ್ತು ಹೊಸದನ್ನು ಕೂರಿಸಬಹುದು, ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್ ಸವೆದಿದ್ದರೆ ಅದನ್ನು ಲೇತಿನವರು ಗ್ರೈಂಡಿಂಗ್ ಮಾಡಿ ಅದಕ್ಕೆ ತಕ್ಕ ಬೇರಿಂಗ್ ಕೊಡುತ್ತಾರೆ. ಬ್ಲಾಕ್ ಸೀಳಿದ್ದರೆ, ಕನೆಕ್ಟಿಂಗ್ ರಾಡ್ ಮುರಿದು ಅದರ ಗೋಡೆಯನ್ನೇ ತೂತು ಮಾಡಿದ್ದರೆ, ಅಥವಾ ಕ್ರ್ಯಾಂಕ್ ಕೂರುವ ಜಾಗವೇ ಕೆಟ್ಟಿದ್ದರೆ ಬದಲಿಸುವ ಮಾತು ಎತ್ತಬಹುದು.

ಆಗ ಗುಜರಿಯಲ್ಲಿ ಸಿಗುವ ಎಂಜಿನ್ ಅಗ್ಗವಾಗಿ ಕಾಣುತ್ತದೆ. ನಾವೂ ಒಮ್ಮೆ ಹೊಸ ಬಣ್ಣ ಬಳಿದಿದ್ದ ಒಂದನ್ನು ನಂಬಿ ತಂದೆವು. ಬಿಚ್ಚಿಸಿದಾಗ ಲೈನರುಗಳ ಹೊರಮೈಯೆಲ್ಲ ನೀರು ತಿಂದು ತೂತು ಬೀಳುವ ಹಂತಕ್ಕೆ ಬಂದಿತ್ತು. ಮೇಲಿನ ಹೆಡ್ ಮತ್ತು ಕೆಳಗಿನ ಚೇಂಬರ್ (ಆಯಿಲ್ ತೊಟ್ಟಿ) ಬಿಚ್ಚಿಸಿ ನೋಡದೆ ಹಣ ಕೊಡಬೇಡಿ. ಮಾರುವವರಿಂದ ಕಾಗದಪತ್ರವನ್ನೂ ಕೇಳಿ ಪಡೆಯಿರಿ: ಆರ್‌ಸಿಯಲ್ಲಿ ಎಂಜಿನ್ ನಂಬರ್ ನಮೂದಾಗಿರುವುದರಿಂದ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ ಆರ್‌ಟಿಒ ಒಪ್ಪಿಗೆ ಪಡೆದು ಹೊಸ ನಂಬರನ್ನು ಸೇರಿಸಬೇಕಾಗುತ್ತದೆ.

ಖರ್ಚಿನ ಲೆಕ್ಕ ಹಾಕುವ ಮೊದಲು ಎಂಜಿನ್ನಿನ ಹಿಂದೆ ಏನಿದೆಯೆಂದು ನೋಡಿ. ಗೇರ್ ಬಾಕ್ಸಿನ ಆಯಿಲ್ ಇಳಿಸಿ ಅದರಲ್ಲಿ ಆಯಸ್ಕಾಂತ ಆಡಿಸಿದಾಗ ಕಬ್ಬಿಣದ ಚೂರು ಅಂಟಿದರೆ, ಇಳಿಜಾರಿನಲ್ಲಿ ಗೇರ್ ತಾನಾಗಿ ಹೊರಬರುತ್ತಿದ್ದರೆ, ಹೊಸ ಶಕ್ತಿಯನ್ನು ಸವೆದ ಹಲ್ಲುಗಳಿಗೆ ಕಟ್ಟಿದಂತಾಗುತ್ತದೆ. ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ. ಟ್ರೇಲರ್ ಹಿಂದಿನಿಂದ ತಳ್ಳುವಾಗ ಒಳ್ಳೆಯ ಎಂಜಿನ್ ಕೆಟ್ಟ ಬ್ರೇಕನ್ನು ಕಾಯುವುದಿಲ್ಲ. ಆದ್ದರಿಂದ ಎಂಜಿನ್, ಕ್ಲಚ್, ಗೇರ್, ಬ್ರೇಕ್ ಎಲ್ಲದರ ಖರ್ಚನ್ನೂ ಒಂದೇ ಚೀಟಿಯಲ್ಲಿ ಬರೆಸಿಕೊಳ್ಳಿ. ಅದು ಅದೇ ಮಾದರಿಯ, ಸುಸ್ಥಿತಿಯಲ್ಲಿರುವ ಹಳೆಯ ಟ್ರ್ಯಾಕ್ಟರಿನ ಬೆಲೆಯ ಅರ್ಧವನ್ನು ದಾಟಿದರೆ ನಾನಂತೂ ಇದ್ದುದನ್ನು ಮಾರಿಬಿಡುತ್ತೇನೆ.

ಉಳಿಸಿಕೊಳ್ಳುವುದೇ ಆದರೆ ಕಡಿಯುವ ಗ್ಯಾಂಗು ಬರುವ ಹಿಂದಿನ ದಿನದವರೆಗೆ ಕಾಯಬೇಡಿ. ಹೊಸ ಲೈನರ್, ರಿಂಗ್‌ಗಳು ಒಂದಕ್ಕೊಂದು ಹೊಂದಿಕೊಳ್ಳಲು ಮೊದಲ 50 ಗಂಟೆ ಹಗುರ ಕೆಲಸ ಬೇಕು. ಅಷ್ಟು ಹೊತ್ತು ಹೊಲದಲ್ಲಿ ಕುಂಟೆ ಹೊಡೆದು, ಆಯಿಲ್ ಬದಲಿಸಿ, ಹೆಡ್ ಬೋಲ್ಟುಗಳನ್ನು ಮೇಸ್ತ್ರಿಯಿಂದ ಮತ್ತೊಮ್ಮೆ ನೋಡಿಸಿ, ಆಮೇಲೆ ಟ್ರೇಲರ್ ಕಟ್ಟಿ.