ಹೊಸ ಬಲ್ಬ್ ಕೊಳ್ಳುವ ಮೊದಲು ಹೆಡ್‌ಲೈಟ್ ಬೀಮ್ ಹೊಂದಿಸಿಕೊಳ್ಳಿ

ರಾತ್ರಿ ರಸ್ತೆ ಕಾಣುತ್ತಿಲ್ಲ ಅನ್ನಿಸಿದ ಕೂಡಲೇ ಹೆಚ್ಚಿನವರು ಅಂಗಡಿಗೆ ಹೋಗಿ ಜಾಸ್ತಿ ವ್ಯಾಟ್‌ನ ಬಲ್ಬ್ ತರುತ್ತಾರೆ. ಹಳೆಯ ಬಲ್ಬ್ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಬೀಮ್ ತಗ್ಗಿ ಬಂಪರ್ ಮುಂದಿನ ನೆಲವನ್ನಷ್ಟೇ ಬೆಳಗುತ್ತಿರುತ್ತದೆ, ಇಲ್ಲವೇ ಎತ್ತರವಾಗಿ ಮರದ ಕೊಂಬೆ ಬೆಳಗುತ್ತಿರುತ್ತದೆ.

ಮೊದಮೊದಲ ಕಾರುಗಳಲ್ಲಿ ಇದ್ದದ್ದು ಎಣ್ಣೆ ದೀಪ, ಆಮೇಲೆ ಕಾರ್ಬೈಡ್‌ಗೆ ನೀರು ತೊಟ್ಟಿಕ್ಕಿಸಿ ಉರಿಸುವ ಅಸಿಟಿಲೀನ್ ದೀಪ. ಒಂದೇ ಬಲ್ಬಿನಲ್ಲಿ ಎರಡು ಫಿಲಮೆಂಟ್ (ಕಾದು ಬೆಳಗುವ ತಂತಿ) ಇಟ್ಟು ಹೈ (ದೂರಕ್ಕೆ ಚೆಲ್ಲುವ ಬೆಳಕು) ಮತ್ತು ಡಿಪ್ (ಎದುರಿನವರ ಕಣ್ಣು ಕುಕ್ಕದ ತಗ್ಗಿದ ಬೆಳಕು) ಎರಡನ್ನೂ ಕೊಟ್ಟ ಬೈಲಕ್ಸ್ ಬಲ್ಬ್ ಬಂದದ್ದು 1920ರ ದಶಕದಲ್ಲಿ. ಅದರ ಹ್ಯಾಲೊಜೆನ್ ವಾರಸುದಾರನೇ ನಮ್ಮ ಅನೇಕ ಕಾರುಗಳಲ್ಲಿರುವ ಎಚ್4: ಹೈ 60 ವ್ಯಾಟ್, ಡಿಪ್ 55 ವ್ಯಾಟ್. ಡಿಪ್ ಫಿಲಮೆಂಟಿನ ಕೆಳಗೆ ಬಟ್ಟಲಿನಂಥ ಪುಟ್ಟ ಲೋಹದ ತಗಡು ಇದೆ. ಅದು ಕೆಳಮುಖದ ಬೆಳಕನ್ನು ತಡೆಯುವುದರಿಂದ ಬಲ್ಬಿನ ಹಿಂದಿನ ಕನ್ನಡಿಯಂಥ ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬೆಳಕು ಬಿದ್ದು, ಅಲ್ಲಿಂದ ರಸ್ತೆಗೆ ಇಳಿಯುತ್ತದೆ. ತಗಡಿನ ಒಂದು ಅಂಚು 15 ಡಿಗ್ರಿ ಓರೆ. ಎಡಬದಿಯಲ್ಲಿ ಓಡಿಸುವ ನಮ್ಮಲ್ಲಿ ಆ ಕಡೆಯ ಬೆಳಕು ಅಷ್ಟು ಮೇಲೇರಿ ರಸ್ತೆಯಂಚಿನ ಪಾದಚಾರಿಯನ್ನು ತೋರಿಸುತ್ತದೆ. ಬಲಬದಿ ಸಂಚಾರದ ದೇಶಕ್ಕೆ ಮಾಡಿದ ಲ್ಯಾಂಪ್ ಹಾಕಿದರೆ ಅದೇ ಬೆಳಕು ಎದುರಿನವನ ಕಣ್ಣಿಗೆ ಹೊಡೆಯುತ್ತದೆ.

ಹೊಂದಿಸಲು ಸಮತಟ್ಟಾದ ನೆಲ, ಅದರ ತುದಿಗೆ ಗೋಡೆ ಬೇಕು. ಟೈರುಗಳಲ್ಲಿ ಸರಿಯಾದ ಗಾಳಿ ಇರಲಿ, ಡಿಕ್ಕಿ ಖಾಲಿಯಿರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂರಲಿ. ಡ್ಯಾಶ್‌ಬೋರ್ಡಿನಲ್ಲಿ ಬೀಮ್ ಎತ್ತರ ಬದಲಿಸುವ ಲೆವೆಲರ್ ಗುಂಡಿ ಇದ್ದರೆ 0ಗೆ ತಿರುಗಿಸಿ. ಗೋಡೆಯಿಂದ ಲ್ಯಾಂಪಿಗೆ ಸರಿಯಾಗಿ 10 ಮೀಟರ್ ಇರುವಂತೆ ಕಾರನ್ನು ನೇರವಾಗಿ ನಿಲ್ಲಿಸಿ. ನೆಲದಿಂದ ಬಲ್ಬಿನ ನಡುಮಧ್ಯದವರೆಗಿನ ಎತ್ತರ ಅಳೆಯಿರಿ, 65 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಲ್ಯಾಂಪಿನ ಮೇಲೋ ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲೋ 1.0% ಎಂಬಂಥ ಅಂಕಿ ಇರುತ್ತದೆ. 10 ಮೀಟರಿಗೆ 10 ಸೆಂ.ಮೀ. ಇಳಿಜಾರು ಎಂದು ಅದರ ಅರ್ಥ. ಹಾಗಾಗಿ ಗೋಡೆಯ ಮೇಲೆ 55 ಸೆಂ.ಮೀ. ಎತ್ತರದಲ್ಲಿ ಅಡ್ಡ ಟೇಪ್, ಪ್ರತಿ ಲ್ಯಾಂಪಿನ ನೇರಕ್ಕೆ ಒಂದು ಉದ್ದ ಟೇಪ್ ಅಂಟಿಸಿ. ಜಾಗ ಐದೇ ಮೀಟರ್ ಇದ್ದರೆ ಅಡ್ಡ ಟೇಪ್ 60 ಸೆಂ.ಮೀ.ಗೆ.

ಡಿಪ್ ಹಾಕಿ, ಒಂದು ಲ್ಯಾಂಪಿಗೆ ರಟ್ಟು ಅಡ್ಡ ಹಿಡಿದು ಇನ್ನೊಂದನ್ನು ನೋಡಿ. ಬಟ್ಟೆ ಹೊದಿಸಿ ಬಿಡಬೇಡಿ, ಬಿಸಿಗೆ ಲೆನ್ಸ್ ಹಾಳಾಗುತ್ತದೆ. ಬೆಳಕಿನ ಮೇಲಂಚು ಅಡ್ಡ ಟೇಪಿಗೆ ತಾಗಬೇಕು. ಅಂಚು ಎಡಕ್ಕೆ ಏರತೊಡಗುವ ಮೂಲೆ ಉದ್ದ ಟೇಪಿನ ಮೇಲೆ ಬರಬೇಕು. ಲ್ಯಾಂಪಿನ ಹಿಂದಿರುವ ಎರಡು ಸ್ಕ್ರೂಗಳಲ್ಲಿ ಸಾಮಾನ್ಯವಾಗಿ ಒಂದು ಮೇಲೆ ಕೆಳಗೆ, ಇನ್ನೊಂದು ಎಡಕ್ಕೆ ಬಲಕ್ಕೆ. ಕಾಲು ಸುತ್ತು ತಿರುಗಿಸಿ, ನೋಡಿ, ಮತ್ತೆ ತಿರುಗಿಸಿ. ಎಚ್4ನಲ್ಲಿ ಡಿಪ್ ಸರಿಯಾದರೆ ಹೈ ತಾನಾಗಿ ಸರಿಯಾಗುತ್ತದೆ, ರಿಫ್ಲೆಕ್ಟರ್ ಒಂದೇ.

65 ಸೆಂ.ಮೀ. ಎತ್ತರದ ಲ್ಯಾಂಪ್ 1% ಇಳಿದರೆ ಬೆಳಕು ನೆಲ ಮುಟ್ಟುವುದು 65 ಮೀಟರ್ ಆಚೆ. 2% ಇಳಿದರೆ 32 ಮೀಟರಿಗೇ ಮುಗಿಯಿತು. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಜನ ಎರಡು ಸಾವಿರದ ಬಲ್ಬ್ ಕೊಳ್ಳುತ್ತಾರೆ! ಹಿಂದೆ ನಾಲ್ಕು ಚೀಲ ಅಕ್ಕಿ ಹೇರಿದಾಗ ಮೂತಿ ಮೇಲೇಳುತ್ತದೆ. ಆಗ ಲೆವೆಲರ್ ಗುಂಡಿಯನ್ನು 1, 2, 3 ಕಡೆಗೆ ತಿರುಗಿಸಿ.

ಬೀಮ್ ಸರಿಯಿದ್ದೂ ಮಂಕಾಗಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ಓಡುತ್ತಿರುವಾಗ, ಲೈಟ್ ಹಾಕಿ, ಬ್ಯಾಟರಿಯಲ್ಲೂ ಬಲ್ಬ್ ಹೋಲ್ಡರಿನಲ್ಲೂ ವೋಲ್ಟೇಜ್ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ವೋಲ್ಟೇಜ್ 10% ಬಿದ್ದರೆ ಹ್ಯಾಲೊಜೆನ್ ಬೆಳಕು ಸುಮಾರು 30% ಬೀಳುತ್ತದೆ. ವ್ಯತ್ಯಾಸ ಹೆಚ್ಚಿದ್ದರೆ ಮೊದಲು ಅರ್ತ್ ಪಾಯಿಂಟಿನ (ವೈರ್ ಕಾರಿನ ಲೋಹಕ್ಕೆ ಸೇರುವ ಜಾಗ) ತುಕ್ಕು ಉಜ್ಜಿ. ಹಳೆಯ ಕಾರಿನಲ್ಲಿ ಪೂರ್ತಿ ಕರೆಂಟ್ ಸ್ವಿಚ್ ಮೂಲಕವೇ ಹರಿಯುತ್ತಿದ್ದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹಾಕಿಸಿ. ಅದರ ಪಿನ್‌ಗಳ ಮೇಲೆ ಅಂಕಿಗಳಿರುತ್ತವೆ: 30ಕ್ಕೆ ಬ್ಯಾಟರಿಯಿಂದ 15 ಆಂಪ್ ಫ್ಯೂಸಿನ ಮೂಲಕ ವೈರ್, 87ರಿಂದ ಬಲ್ಬಿಗೆ, 85 ಮತ್ತು 86ಕ್ಕೆ ಹಳೆಯ ಸ್ವಿಚ್ ವೈರ್ ಮತ್ತು ಅರ್ತ್. ಹೈ ಮತ್ತು ಡಿಪ್‌ಗೆ ಬೇರೆ ಬೇರೆ ರಿಲೇ.

100/90 ವ್ಯಾಟ್ (ಹೈ 100, ಡಿಪ್ 90) ಬಲ್ಬ್ ಬೇಡ. ಜೋಡಿ ಹೈ ಬೀಮಿಗೇ 16 ಆಂಪ್ ದಾಟಿ ಹೋಲ್ಡರ್ ಕರಗುತ್ತದೆ. ಹ್ಯಾಲೊಜೆನ್ ರಿಫ್ಲೆಕ್ಟರಿಗೆ ಎಲ್ಇಡಿ ತುರುಕಿದರೆ ಬೆಳಕಿನ ಮೂಲ ಫಿಲಮೆಂಟಿನ ಜಾಗದಲ್ಲೇ ಕೂರುವುದು ಅಪರೂಪ. ಅದೇ ಗೋಡೆಗೆ ಬೆಳಕು ಬಿಟ್ಟರೆ ಚೆಲ್ಲಾಪಿಲ್ಲಿಯಾದ ಅಂಚು ಕಾಣುತ್ತದೆ. ಬಲ್ಬ್ ಬದಲಿಸುವಾಗ ಗಾಜನ್ನು ಬರಿಗೈಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ಅಂಟಿದ ಕಡೆ ಗಾಜು ವಿಪರೀತ ಕಾದು ಬೇಗ ಹಾಳಾಗುತ್ತದೆ. ಮುಟ್ಟಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ ಹಾಕಿ.