ಮೇಲಿನವರಿಂದ ಬೈಸಿಕೊಂಡ ಮೇಲೆ ಆಫೀಸಿನಲ್ಲಿ ಮತ್ತೆ ತಲೆ ಎತ್ತುವುದು ಹೇಗೆ?

ಮೇ ತಿಂಗಳ ಕೊನೆ. ಶಿವಮೊಗ್ಗಕ್ಕೆ ಮಳೆ ಇನ್ನೂ ಬಂದಿರಲಿಲ್ಲ. ಆಗ ನಾನು ಅಡಿಕೆ ಖರೀದಿ ಮಾಡುವ ಒಂದು ಸಂಸ್ಥೆಯಲ್ಲಿ ಗೋಡೌನ್ ನೋಡಿಕೊಳ್ಳುತ್ತಿದ್ದೆ. ರಿವ್ಯೂ ಮೀಟಿಂಗಿಗೆ ಹೆಡ್ ಆಫೀಸಿನಿಂದ ಜನರಲ್ ಮ್ಯಾನೇಜರ್ (ಜಿ.ಎಂ.) ಬಂದಿದ್ದರು. ರಿಜಿಸ್ಟರಿನಲ್ಲಿದ್ದ ತೂಕಕ್ಕೂ ಗೋಡೌನಿನ ತೂಕಕ್ಕೂ ತಾಳೆ ಆಗಲಿಲ್ಲ. ಎಲ್ಲರ ಎದುರಿಗೇ ಕೇಳಿದರು: 'ಲೆಕ್ಕ ಬಾರದವರ ಕೈಗೆ ಗೋಡೌನ್ ಬೀಗ ಕೊಟ್ಟವರು ಯಾರು?'

ಆ ಮಾತು ಎಷ್ಟು ದಿನ ಕಿವಿಯಲ್ಲಿ ಉಳಿಯುತ್ತದೆ ಅಂತ ಬೈಸಿಕೊಂಡವರಿಗೇ ಗೊತ್ತು. ಕಳೆದುಹೋದ ನಂಬಿಕೆಯನ್ನು ಮತ್ತೆ ಗಳಿಸಬಹುದು. ನಾನು ಹೇಗೆ ಗಳಿಸಿದೆ, ಎಲ್ಲಿ ಎಡವಿದೆ ಎಂಬುದನ್ನು ಸೇರಿಸಿಯೇ ಹೇಳುತ್ತೇನೆ.

ಮೊದಲ ರಾತ್ರಿ

ಮೀಟಿಂಗಿನಲ್ಲೇ ವಾದಕ್ಕೆ ಇಳಿಯಬೇಡಿ. 'ಸರಿ ಸಾರ್, ನೋಡಿ ಹೇಳ್ತೀನಿ' ಅಂದರೆ ಸಾಕು. ಮನೆಗೆ ಬಂದು ರಾಜೀನಾಮೆ ಬರೆಯಬೇಡಿ, ಸಹೋದ್ಯೋಗಿಗಳಿಗೆ ಉದ್ದುದ್ದ ಮೆಸೇಜ್ ಹಾಕಬೇಡಿ. ಒಂದು ಹಾಳೆ ತೆಗೆದುಕೊಂಡು ಅವರು ಏನಂದರು ಅನ್ನುವುದನ್ನು ಅವರ ಮಾತಿನಲ್ಲೇ ಬರೆಯಿರಿ. ಆಮೇಲೆ ಒಂದೊಂದೇ ಸಾಲು ನೋಡಿ. 'ಬೇಜವಾಬ್ದಾರಿ' ಅಂದಿದ್ದರೆ ಅದನ್ನು ನಾಳೆ ಬೆಳಿಗ್ಗೆ ಸರಿಮಾಡಲು ಆಗದು. 'ತೂಕ ತಾಳೆ ಇಲ್ಲ' ಅನ್ನುವುದನ್ನು ಸರಿಮಾಡಬಹುದು. ಎರಡನೇ ತರಹದ ಸಾಲುಗಳಿಗೆ ಮಾತ್ರ ಅಡಿಗೆರೆ ಹಾಕಿ.

ಬಾಯಿಮಾತಿನ ಬೈಗುಳ ಬೇರೆ, ಕಾಗದದ ನೋಟಿಸ್ ಬೇರೆ. ಕಾರಣ ಕೇಳಿ ನೋಟಿಸ್ ಬಂದಿದ್ದರೆ ಅದರಲ್ಲಿ ಕೊಟ್ಟ ತಾರೀಕಿನ ಒಳಗೇ ಬರವಣಿಗೆಯಲ್ಲಿ ಉತ್ತರ ಕೊಡಿ. ಉತ್ತರ ತಲುಪಿದ್ದಕ್ಕೆ ಒಂದು ಪ್ರತಿಯಲ್ಲಿ ಸಹಿ ಹಾಕಿಸಿ ಇಟ್ಟುಕೊಳ್ಳಿ. ಸಂಬಳ ಕಡಿತ, ಅಮಾನತು ಅನ್ನುವ ಮಾತಿದ್ದರೆ ಯೂನಿಯನ್‌ನವರಿಗೋ ವಕೀಲರಿಗೋ ತೋರಿಸಿಯೇ ಕೊಡಿ.

ನಿಮ್ಮ ಮ್ಯಾನೇಜರಿಗೂ ನೋವಾಗಿದೆ

ಇದನ್ನು ನಾನು ಪೂರ್ತಿ ಮರೆತಿದ್ದೆ. ಬೈದಿದ್ದು ನನಗೆ, ಸರಿ. ಆದರೆ ಬೀಗ ಕೊಟ್ಟವರು ನಮ್ಮ ಬ್ರಾಂಚ್ ಮ್ಯಾನೇಜರ್ ಅಲ್ವಾ? ಅವರೂ ಅದೇ ಮೇಜಿನ ಮುಂದೆ ತಲೆ ತಗ್ಗಿಸಿ ಕೂತಿದ್ದರು. ನಾನು ಒಂದು ವಾರ ಅವರ ಮುಖ ನೋಡದೆ ಓಡಾಡಿದೆ. ಅದು ನನ್ನ ದೊಡ್ಡ ತಪ್ಪು. ಎರಡು ಮೂರು ದಿನದಲ್ಲೇ ಹೋಗಬೇಕಿತ್ತು.

ಹೋದಾಗ ಇಷ್ಟೇ ಹೇಳಿದೆ: 'ಸಾರ್, ನನ್ನಿಂದ ನೀವೂ ಮಾತು ಕೇಳಬೇಕಾಯ್ತು. ತಪ್ಪು ನನ್ನದೇ. ಮುಂದಿನ 5ನೇ ತಾರೀಕಿಗೆ ಸರಿಯಾದ ಲೆಕ್ಕ ಕೊಡ್ತೀನಿ. ಅದು ಸಾಕಾ, ಇನ್ನೇನಾದರೂ ಬೇಕಾ?' ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕೂತ್ಕೊಳ್ಳಿ' ಅಂದರು. ಅಲ್ಲಿಂದ ಮುಂದೆ ಹೆಡ್ ಆಫೀಸಿನಲ್ಲಿ ನನ್ನ ಪರವಾಗಿ ಮಾತಾಡಿದವರು ಅವರೇ. ಅವರನ್ನು ದಾಟಿ ನೇರವಾಗಿ ಜಿ.ಎಂ.ಗೆ ಪತ್ರ ಬರೆದಿದ್ದರೆ ಆ ಬೆಂಬಲವೂ ಹೋಗುತ್ತಿತ್ತು.

ನಿಮ್ಮ ಮೇಲಿನ ಆರೋಪದಲ್ಲಿ ಅರ್ಧ ಸುಳ್ಳಿದ್ದರೆ? ನಿಜವಿದ್ದಷ್ಟನ್ನು ಮೊದಲು ಒಪ್ಪಿಕೊಳ್ಳಿ. ಉಳಿದದ್ದಕ್ಕೆ ದಾಖಲೆ ಹಿಡಿದು, ಮ್ಯಾನೇಜರ್ ಒಬ್ಬರೇ ಇದ್ದಾಗ ಹೋಗಿ ತೋರಿಸಿ.

ಕಾರಣ ಹುಡುಕಿ, ಕ್ಷಮೆ ಆಮೇಲೆ

'ಇನ್ನು ಮೇಲೆ ಹುಷಾರಾಗಿರ್ತೀನಿ' ಅನ್ನುವ ಮಾತಿಗೆ ಬೆಲೆ ಕಡಿಮೆ. ತೂಕ ಯಾಕೆ ತಪ್ಪಿತು ಅಂತ ನಮ್ಮ ಗೋಡೌನ್ ಮೇಸ್ತ್ರಿಯನ್ನೇ ಕೇಳಿದೆ. 'ಚಳೀಲಿ ತಂದ ಅಡಿಕೆ ಸೆಖೆಗೆ ಇಳೀತದೆ ಸಾರ್, ಮಳೆಗೆ ಏರ್ತದೆ' ಅಂದರು. ಅಷ್ಟು ಸರಳ. ಜನವರಿಯಲ್ಲಿ ಕೊಂಡ ಅಡಿಕೆಯಲ್ಲಿ ತೇವ ಜಾಸ್ತಿ ಇತ್ತು. ಬೇಸಿಗೆಯಲ್ಲಿ ಅದು ಆರಿತ್ತು. ನಾನು ಖರೀದಿ ದಿನದ ತೂಕವನ್ನೇ ತಿಂಗಳುಗಟ್ಟಲೆ ರಿಜಿಸ್ಟರಿನಲ್ಲಿ ಇಟ್ಟುಕೊಂಡು ಕೂತಿದ್ದೆ.

ರಾಶಿ, ಬೆಟ್ಟೆ, ಗೊರಬಲು ಅನ್ನುವ ಮೂರು ಬಗೆಯ ಅಡಿಕೆಯಲ್ಲೂ ಕೆಲವು ಚೀಲಗಳಿಗೆ ಬಣ್ಣದ ಗುರುತು ಹಾಕಿದೆ. ತಿಂಗಳಿಗೊಮ್ಮೆ ಅವನ್ನೇ ಮತ್ತೆ ತೂಗಿ ವ್ಯತ್ಯಾಸ ಬರೆದೆ. ಒಂದೇ ಒಂದು ಹಾಳೆ, ಪ್ರತಿ ತಿಂಗಳು 5ಕ್ಕೆ ಮ್ಯಾನೇಜರ್ ಮೇಜಿನ ಮೇಲೆ. ಅವರು ಕೇಳುವ ಮೊದಲೇ. ನಿಮ್ಮ ಕೆಲಸ ಬ್ಯಾಂಕಿನದೋ ಫೌಂಡ್ರಿಯದೋ ಇರಬಹುದು. ಎಲ್ಲಿ ಬೈಸಿಕೊಂಡಿರೋ ಅದೇ ವಿಷಯದ ಮೇಲೆ ಇಂಥ ಒಂದು ಚಿಕ್ಕ ಹಾಳೆ ಇರಲಿ, ತಾರೀಕು ಮಾತ್ರ ತಪ್ಪಬಾರದು.

ಕೆಟ್ಟ ಸುದ್ದಿಯನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಜುಲೈ ಮಳೆಯಲ್ಲಿ ಒಂದು ಚೀಲಕ್ಕೆ ಬೂಷ್ಟು ಹಿಡಿಯಿತು. ಮುಚ್ಚಿಡಬೇಕು ಅಂತ ತುಂಬಾ ಅನಿಸಿತು. ಮೊದಲ ಸಾಲಿನಲ್ಲೇ ಬರೆದೆ.

ಊರಿನ ಬಾಯಿ

ನಮ್ಮೂರಿನಲ್ಲಿ ಆಫೀಸಿನ ಮಾತು ಆಫೀಸಿನಲ್ಲೇ ನಿಲ್ಲದು. ನಾನು ಗಾಂಧಿ ಬಜಾರಿನಲ್ಲಿ ತರಕಾರಿ ಆರಿಸುತ್ತಿದ್ದಾಗ ಭಾವನೇ ಹಿಂದಿನಿಂದ ಬಂದು, 'ಎಂತ ಮಾರಾಯ, ಜೋರು ಮಂಗಳಾರತಿ ಆಯ್ತಂತೆ?' ಅಂದರು. ಹೆಂಡತಿಗೆ ನಾನು ಇನ್ನೂ ಹೇಳಿರಲಿಲ್ಲ. ಮನೆಯವರಿಗೆ ಮೊದಲ ದಿನವೇ ನೀವೇ ಹೇಳಿಬಿಡಿ. ಉಳಿದವರಿಗೆ ಒಂದೇ ಉತ್ತರ ಸಿದ್ಧವಿರಲಿ: 'ಹೌದು, ತೂಕ ತಪ್ಪಿತ್ತು, ಸರಿ ಮಾಡ್ತಿದೀನಿ.' ಅದಕ್ಕಿಂತ ಜಾಸ್ತಿ ಬೇಡ. ಟೀ ಅಂಗಡಿಯಲ್ಲಿ ನಿಂತು ಸಾಹೇಬರನ್ನು ಬೈದರೆ ಆ ಮಾತು ರಾತ್ರಿ ರೈಲಿಗಿಂತ ಮುಂಚೆ ಬೆಂಗಳೂರು ಮುಟ್ಟುತ್ತದೆ.

ಮುಂದಿನ ರಿವ್ಯೂ

ಹೊಗಳಿಕೆ ಕಾಯಬೇಡಿ. ಕೆಲಸ ಸರಿಯಾದ ಮೇಲೂ ತಿಂಗಳುಗಟ್ಟಲೆ ಅದೇ ಹಳೇ ಮಾತು ಎತ್ತಿ ಅವಮಾನ ಮಾಡುತ್ತಿದ್ದರೆ ತೊಂದರೆ ನಿಮ್ಮ ಕೆಲಸದ್ದಲ್ಲ. ಆಗ ವರ್ಗಾವಣೆ ಕೇಳಿ, ಅಥವಾ ಬೇರೆ ಕಡೆ ನೋಡಿ. ಅದರಲ್ಲಿ ಸೋಲೇನೂ ಇಲ್ಲ.

ಸೆಪ್ಟೆಂಬರಿನಲ್ಲಿ ಜಿ.ಎಂ. ಮತ್ತೆ ಬಂದರು. ಹಾಳೆಗಳನ್ನು ಒಂದೊಂದಾಗಿ ತಿರುವಿದರು. 'ಜುಲೈದು ಆ ಚೀಲ ಏನು ಮಾಡಿದ್ರಿ?' ಅಂದರು. 'ಬೇರೆ ತೆಗೆದು ಒಣಗಿಸಿದ್ವಿ ಸಾರ್, ಹಾಳಾಗಿದ್ದನ್ನು ನಷ್ಟಕ್ಕೆ ಬರೆದಿದ್ದೀವಿ' ಅಂದೆ. ತಲೆಯಾಡಿಸಿ ಮುಂದಿನ ಫೈಲ್ ಎಳೆದುಕೊಂಡರು. ಅಕ್ಟೋಬರ್ 5ಕ್ಕೂ ನಾನು ಹಾಳೆ ಕೊಟ್ಟೆ.