‘ಶೂರ್ಲಿ’ ಅನ್ನುವ ಮುಂಚೆ

ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ ಈ ಮಾತು. ಜಿಪಿ, ಅಂದರೆ ಮನೆ ಹತ್ತಿರದ ಡಾಕ್ಟರ್, ಅವರ ಹತ್ತಿರ ಹೆಸರು ಬರೆಸಿ, ಕೆಲಸಕ್ಕೂ ತೆರಿಗೆಗೂ ಕೇಳುವ ನ್ಯಾಷನಲ್ ಇನ್ಶೂರೆನ್ಸ್ ನಂಬರ್‌ಗೆ ಅರ್ಜಿ ಹಾಕಿ, ಬ್ಯಾಂಕ್ ಖಾತೆ ತೆರೆಯಿರಿ, ಆನ್‌ಲೈನ್‌ನಲ್ಲಿರುವ ಇ-ವೀಸಾ ವಿವರ ಜೋಪಾನ. ಅವೆಲ್ಲ ಹೇಗೋ ಆಗುತ್ತವೆ. ನಾನು ಹೇಳಬೇಕು ಅಂದುಕೊಂಡಿರುವುದು ಒತ್ತಿ ಹೇಳುವ ಸಣ್ಣ ಸಣ್ಣ ಇಂಗ್ಲಿಷ್ ಪದಗಳ ಬಗ್ಗೆ. ಅವುಗಳಿಂದಲೇ ನಾನು ಇಬ್ಬರ ಮನಸ್ಸು ನೋಯಿಸಿದ್ದೇನೆ.

ಬಂದ ವರ್ಷವೇ ಆಫೀಸಿನಲ್ಲಿ ಒಬ್ಬರಿಗೆ ‘ಶೂರ್ಲಿ ಯು ಹ್ಯಾವ್ ಸೆಂಟ್ ದ ಫೈಲ್’ ಅಂತ ಮೇಲ್ ಬರೆದೆ. ‘ನೀವು ಖಂಡಿತ ಕಳಿಸಿರುತ್ತೀರಿ, ನನಗೆ ನಂಬಿಕೆ ಇದೆ’ ಎಂಬುದು ನನ್ನ ಮನಸ್ಸಿನಲ್ಲಿದ್ದ ಮಾತು. ಅವರು ಓದಿಕೊಂಡದ್ದು ‘ಇನ್ನೂ ಕಳಿಸಿಲ್ವಾ? ಇಷ್ಟು ಹೊತ್ತಿಗೆ ಕಳಿಸಿರಬೇಕಿತ್ತಲ್ಲ!’ ಅಂತ. ಎರಡು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಇನ್ನೊಬ್ಬರು ಬಿಡಿಸಿ ಹೇಳುವವರೆಗೂ ನನ್ನ ತಪ್ಪು ನನಗೆ ಗೊತ್ತಾಗಲಿಲ್ಲ. ಇಲ್ಲಿಯವರ ಬಾಯಲ್ಲಿ ‘ಶೂರ್ಲಿ’ ಬಂದರೆ ಅದರೊಳಗೆ ಒಂದು ಅನುಮಾನ, ಒಂದು ಆಶ್ಚರ್ಯ ಇರುತ್ತದೆ. ನಿಮ್ಮ ‘ಖಂಡಿತ’ಕ್ಕೆ ‘ಡೆಫಿನೆಟ್ಲಿ’ ಸಾಕು. ‘ಸರ್ಟನ್ಲಿ’ ಕೂಡ ಸರಿ, ಆದರೆ ಸ್ನೇಹಿತರ ನಡುವೆ ಸ್ವಲ್ಪ ಬಿಗಿ. ಇನ್ನೊಂದು ಮಾತು. ಊರಲ್ಲಿ ಕರೆದವರಿಗೆಲ್ಲ ‘ಖಂಡಿತ ಬರ್ತೀವಿ’ ಅನ್ನುತ್ತೇವೆ, ಅದು ಮರ್ಯಾದೆ. ಇಲ್ಲಿ ‘ಡೆಫಿನೆಟ್ಲಿ’ ಅಂದರೆ ನಿಮ್ಮ ಹೆಸರಿಗೊಂದು ತಟ್ಟೆ ಇಟ್ಟು ಕಾಯುತ್ತಾರೆ.

ಎರಡನೆಯದು ನನಗೆ ಇವತ್ತಿಗೂ ನೋವು. ಮಗಳು ಹುಟ್ಟಿದಾಗ ಪಕ್ಕದ ಮನೆಯ ಅಜ್ಜಿ ನಿಂಬೆಹಣ್ಣಿನ ಕೇಕ್ ಮಾಡಿ ತಂದರು. ಬಾಣಂತಿ ಮನೆಗೆ ನಮ್ಮವರು ಅಂತ ಬಂದವರು ಅವರೊಬ್ಬರೇ. ಬಾಯ್ತುಂಬ ಹೊಗಳಬೇಕು ಅಂತ ‘ಇಟ್ಸ್ ಕ್ವೈಟ್ ನೈಸ್’ ಅಂದೆ. ಅವರ ಮುಖ ಸಣ್ಣದಾಯಿತು. ಇಲ್ಲಿ ‘ಕ್ವೈಟ್ ನೈಸ್’ ಅಂದರೆ ‘ಪರವಾಗಿಲ್ಲ’ ಅಂದ ಹಾಗೆ. ಅಮೆರಿಕದಲ್ಲಾಗಿದ್ದರೆ ಅದು ಹೊಗಳಿಕೆಯ ಕಡೆಗೇ ವಾಲುತ್ತಿತ್ತು. ಇಲ್ಲಿಯೂ ‘ಕ್ವೈಟ್ ಇಂಪಾಸಿಬಲ್’ ಅಂದರೆ ಪೂರ್ತಿ ಅಸಾಧ್ಯ ಅಂತಲೇ ಅರ್ಥ. ಹೆಚ್ಚು ಕಡಿಮೆ ಆಗುವ ಗುಣದ ಮುಂದೆ ‘ಕ್ವೈಟ್’ ತಗ್ಗಿಸುತ್ತದೆ. ತುದಿ ಮುಟ್ಟಿದ ಪದದ ಮುಂದೆ ‘ಪೂರ್ತಿ’ ಅನ್ನುತ್ತದೆ. ನಾನು ಅಂದು ‘ರಿಯಲಿ ಲವ್ಲಿ’ ಅನ್ನಬೇಕಿತ್ತು. ‘ಡೆಲಿಷಸ್’ ಬಳಸುವುದಾದರೆ ‘ಅಬ್ಸಲ್ಯೂಟ್ಲಿ ಡೆಲಿಷಸ್’ ಅನ್ನಿ, ಆ ಪದದ ಮುಂದೆ ‘ವೆರಿ’ ಅಷ್ಟಾಗಿ ಕೂರುವುದಿಲ್ಲ. ಊರಿನ ಅಭ್ಯಾಸದಲ್ಲಿ ‘ಟೂ ಸ್ವೀಟ್’ ಅಂದುಬಿಟ್ಟರೆ ಸಕ್ಕರೆ ಜಾಸ್ತಿಯಾಯಿತು ಅಂತ ದೂರಿದ ಹಾಗೆ. ಆ ಅಜ್ಜಿ ಈಗಿಲ್ಲ. ಸರಿಯಾದ ಪದ ಕಲಿತು ಅವರಿಗೆ ಹೇಳುವುದು ಆಗಲೇ ಇಲ್ಲ.

ನಾವು ‘ಟುಡೇ ಇಟ್‌ಸೆಲ್ಫ್’, ‘ಐ ಓನ್ಲಿ ಡಿಡ್ ಇಟ್’ ಅನ್ನುವುದು ಯಾಕೆ? ಇವತ್ತೇ, ನಾನೇ ಅನ್ನುವ ನಮ್ಮ ‘ಏ’ಗೆ ಅಲ್ಲಿ ಜಾಗ ಹುಡುಕುತ್ತೇವೆ. ಇಂಗ್ಲಿಷಿನಲ್ಲಿ ಆ ಕೆಲಸ ಹೆಚ್ಚಾಗಿ ದನಿಯದು. ‘ಟುಡೇ’ ಅನ್ನುವುದನ್ನೇ ಒತ್ತಿ ಹೇಳಿ, ಸಾಕು.

ಲಂಡನ್ನಿನ ಆಲ್ಬರ್ಟ್ ಎಂಬಾಂಕ್‌ಮೆಂಟ್‌ನಲ್ಲಿ, ಥೇಮ್ಸ್ ದಡದಲ್ಲಿ, ಬಸವಣ್ಣನ ಪ್ರತಿಮೆ ಇದೆ. 2015ರ ನವೆಂಬರ್‌ನಲ್ಲಿ ಅನಾವರಣವಾದದ್ದು. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಅದರ ಮುಂದೆ ನಿಂತು ನನ್ನ ಮಗಳು ಕೇಳಿದಳು, ‘ಲಂಡನ್ನಿಗೆ ತುಂಬಾ ಮೊದಲು ಬಂದ ಕನ್ನಡದವರು ಇವರೇನಾ?’ ಅವಳು ಹೇಳಬೇಕಿದ್ದದ್ದು ‘ಮೊಟ್ಟಮೊದಲು’. ‘ಏ’ ಬಂದಿದೆ, ‘ಮೊಟ್ಟ’ ಬಂದಿಲ್ಲ. ಕಟ್ಟಕಡೆ, ನಟ್ಟನಡುವೆ, ತುತ್ತತುದಿ, ಬಟ್ಟಬಯಲು, ಒಂದೂ ಅವಳಿಗೆ ಗೊತ್ತಿಲ್ಲ. ಎಲ್ಲಕ್ಕೂ ‘ತುಂಬಾ’ ಒಂದೇ. ತಪ್ಪು ಅವಳದ್ದಲ್ಲ. ಮನೆಯಲ್ಲಿ ನಾನು ಆ ಪದಗಳನ್ನು ಆಡುವುದನ್ನೇ ಬಿಟ್ಟಿದ್ದೆ. ‘ಕ್ವೈಟ್’ ಸರಿಮಾಡಿಕೊಳ್ಳುವುದರಲ್ಲೇ ಎಷ್ಟೋ ವರ್ಷ ಹೋಯಿತು.

ಈಗ ದಿನಾ ಬೇಕೆಂದೇ ಆಡುತ್ತೇನೆ. ಕಳೆದ ಮೇ ತಿಂಗಳಲ್ಲಿ ರೈಲಿನ ಕಿಟಕಿಯಾಚೆ ಹುಲ್ಲು ತೋರಿಸಿ ‘ಹಚ್ಚಹಸಿರು’ ಅಂದೆ. ಆಮೇಲೆ ಅರಳಿ ನಿಂತ ರೇಪ್‌ಸೀಡ್ ಹೊಲ ಬಂತು, ನಮ್ಮ ಸಾಸಿವೆ ಜಾತಿಯ ಬೆಳೆ. ಅವಳು ಕಿಟಕಿಗೆ ಮುಖ ಒತ್ತಿ ‘ಅಮ್ಮಾ, ಹಚ್ಚಹಳದಿ!’ ಅಂದಳು. ನಾನು ತಿದ್ದಲಿಲ್ಲ.